ಮೆಲ್ಲಗೆ ಕೆಂಪಾಗುವ ಲಾಗ್

ಜೂರಕನ್ ಅಪಾ ಬಿಷ್ಕೆಕ್‌ನ ನಮ್ಮ ಆಫೀಸಿಗೆ ಬಂದವರೇ, ಸಲಾಂ ಕೂಡ ಹೇಳದೆ, ನನ್ನ ಕೀಬೋರ್ಡಿನ ಮೇಲೆ ಒಂದು ಚೀಲ ಕುಕ್ಕಿದರು. ಚೀಲದ ತುಂಬ ಕುರುತ್. ಮೊಸರಿನ ನೀರು ಬಸಿದು, ಉಪ್ಪು ಬೆರೆಸಿ ಬಿಸಿಲಿಗೆ ಒಣಗಿಸಿದ ಕಲ್ಲಿನಂಥ ಉಂಡೆಗಳು.

“ತಗೋ ದಾಮಿರಾ, ಅಗಿ. ನಿನ್ನ ಸಾಫ್ಟ್‌ವೇರ್ ಕಾವಲಿದ್ದ ಹಾಲಿಗೆ ಬಂದ ಗತಿ ಇದು.”

ಎಲ್ಲರೂ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಇವರು ಕೊಚ್ಕೋರ್ ಕಣಿವೆಯ ಹಾಲಿನ ಸಂಘದ ಅಧ್ಯಕ್ಷೆ. ಅವರ ಹಳ್ಳಿಗಳಲ್ಲಿ ಹಾಲು ತಂಪಾಗಿಡುವ ದೊಡ್ಡ ಟ್ಯಾಂಕುಗಳಿವೆ. ಟ್ಯಾಂಕಿಗೆ ಏನಾದರೂ ಆದರೆ ಅದನ್ನು ನೋಡಿಕೊಳ್ಳುವವನ ಫೋನಿಗೆ ಸುದ್ದಿ ಮುಟ್ಟಿಸುವುದು, ಆದದ್ದನ್ನೆಲ್ಲ ಲಾಗ್‌ನಲ್ಲಿ ದಾಖಲಿಸುವುದು ನಮ್ಮ ಕಂಪನಿಯ ಕೆಲಸ. ಕಂಪನಿ ಅಂದರೆ ದೊಡ್ಡದೇನಲ್ಲ. ನಾನು, ಒಂದು ಕೆಟಲ್, ಮತ್ತೆ ವಸಂತದಲ್ಲಿ ನರೀನ್‌ನಿಂದ ಬಂದು ಸೇರಿದ ಬೆಗಾಯಿಂ ಎಂಬ ಹುಡುಗಿ. ಅವಳಿನ್ನೂ ಕಾಯಂ ಆಗಿರಲಿಲ್ಲ. ಸಂಘ ನಮ್ಮ ಕೈಬಿಟ್ಟರೆ ಅವಳನ್ನು ಇಟ್ಟುಕೊಳ್ಳುವ ಶಕ್ತಿಯೂ ನನಗಿರಲಿಲ್ಲ.

“ಎಸೆನ್‌ನ ಕೆಲಸದಿಂದ ತೆಗೀತಿದ್ದೀನಿ,” ಎಂದರು ಅಪಾ, ಕುರ್ಚಿಯಲ್ಲಿ ಕುಸಿಯುತ್ತ. “ಅದಕ್ಕೆ ಮೊದ್ಲು ಆ ಲಾಗ್ ನನ್ನ ಕಣ್ಣಿಗೆ ತೋರಿಸು. ನಾಳೆ ಅವನ ಹೆಂಡ್ತಿ ಬಂದು ಬಾಯಿ ಮಾಡಿದ್ರೆ ಹೇಳೋಕೆ ಏನಾದ್ರೂ ಬೇಕಲ್ಲ.”

ಎಸೆನ್ ಅವರ ಟ್ಯಾಂಕ್ ನೋಡಿಕೊಳ್ಳುವವನು. ಹಿಂದಿನ ವಾರ ಬೆಳಗಿನ ಹಾಲು ತುಂಬಿದ ಮೇಲೆ ತಂಪು ಮಾಡುವ ಮೋಟಾರು ನಿಂತುಹೋಗಿತ್ತು. ಅವನು ಓಡಿ ಬರುವಷ್ಟರಲ್ಲಿ ಇಡೀ ಹಳ್ಳಿಯ ಹಾಲು ಹುಳಿಯಾಗಿತ್ತು. ಅಲ್ಲಿಯವರೆಗೂ ಫೋನು ಬಡಿದುಕೊಳ್ಳಲೇ ಇಲ್ಲ ಎಂದು ಎಸೆನ್ ರೊಟ್ಟಿ ಮುಟ್ಟಿ ಆಣೆ ಮಾಡಿದನಂತೆ. ಹಿಂದಿನ ದಿನ ಯಾರದೋ ಮದುವೆಯಲ್ಲಿ ಚೆನ್ನಾಗಿ ಏರಿಸಿದ್ದ, ನಿದ್ದೆಯಲ್ಲಿದ್ದ ಎಂದು ಊರು ಹೇಳುತ್ತಿತ್ತು.

ನಾನು ಆ ದಿನದ ಲಾಗ್ ತೆರೆದೆ. ಯಾವಾಗ: ಬೆಳಗ್ಗೆ ಏಳು. ಎಲ್ಲಿ: ಎಸೆನ್‌ನ ಟ್ಯಾಂಕು. ಎಷ್ಟು ಗಂಭೀರ: ಅಪಾಯ. ಏನಾಯಿತು: ಮೋಟಾರು ನಿಂತಿದೆ. ‘ಅಪಾಯ’ ಎಂಬುದರ ಪಕ್ಕದಲ್ಲಿ ಕೆಂಪು ಗುರುತು ಢಾಳಾಗಿ ಕಾಣುತ್ತಿತ್ತು.

“ನೋಡಿದ್ಯಾ! ಏಳಕ್ಕೇ ಕೆಂಪು!” ಅಪಾ ತೊಡೆ ತಟ್ಟಿಕೊಂಡರು. “ಆ ಮಹಾರಾಯ ಬಂದಿದ್ದು ಹತ್ತಕ್ಕೆ. ರೊಟ್ಟಿ ಮುಟ್ಟಿ ಸುಳ್ಳು ಹೇಳ್ತಾನಲ್ಲ, ನಾಚಿಕೆ ಬೇಡ್ವಾ?”

ನನಗೆ ಒಳಗೊಳಗೇ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಲಾಗನ್ನು ಹೀಗೆ ಬರೆಯಬೇಕೆಂದು ಹಟ ಹಿಡಿದವಳು ನಾನೇ. ಮೊದಲು ಅದು ಬರೀ ಸಾಲುಗಳ ರಾಶಿಯಾಗಿತ್ತು. ಒಂದು ಕಡೆ ‘ಮೋಟಾರು ನಿಂತಿದೆ’ ಎಂದಿದ್ದರೆ ಇನ್ನೊಂದು ಕಡೆ ‘ಮೋಟಾರು ಯಾಕೋ ಸರಿಯಿಲ್ಲ’ ಎಂದಿರುತ್ತಿತ್ತು. ಹುಡುಕಲು ಹೋದರೆ ತಲೆಬುಡ ಸಿಗುತ್ತಿರಲಿಲ್ಲ. “ಇನ್ಮೇಲೆ ಪ್ರತಿಯೊಂದೂ ಒಂದು ಆಬ್ಜೆಕ್ಟ್ ಕಣೇ,” ಎಂದು ಬೆಗಾಯಿಂಗೆ ಹೇಳಿದ್ದೆ. “ವಾಕ್ಯ ಅಲ್ಲ, ವಸ್ತು. ವಾಕ್ಯಕ್ಕೆ ಬಾಲ ಬೆಳೆಯುತ್ತೆ. ವಸ್ತುವಿಗೆ ನಾಲ್ಕೇ ಖಾನೆ. ಯಾವಾಗ, ಎಲ್ಲಿ, ಎಷ್ಟು ಗಂಭೀರ, ಏನಾಯ್ತು. ಮುಗೀತು.” ಅವಳು ಆ ಕ್ಲಾಸನ್ನು, ಅಂದರೆ ಅಂಥ ವಸ್ತುಗಳನ್ನೆಲ್ಲ ಎರಕ ಹೊಯ್ಯುವ ಅಚ್ಚನ್ನು, ಅಚ್ಚುಕಟ್ಟಾಗಿ ಬರೆದಳು. ನಾನು ತಮ್ಮನ ಮದುವೆಗೆಂದು ಊರಿಗೆ ಹೋಗಿದ್ದ ವಾರವೇ ಅದನ್ನು ಬಳಕೆಗೂ ಬಿಟ್ಟಳು.

ಬೆಗಾಯಿಂ ಬುದ್ಧಿವಂತೆ, ಆದರೆ ಅವಳ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ಕೆಟಲ್ ಸುಟ್ಟುಹೋದದ್ದನ್ನು ಹೇಳಲು ಅವಳು ನನ್ನ ಆರೋಗ್ಯ ಕೇಳಿ, ಅಮ್ಮನ ಆರೋಗ್ಯ ಕೇಳಿ, ಕೊನೆಗೆ ಕೆಟಲ್‌ಗಳಿಗೂ ಆಯಸ್ಸು ಅಂತ ಒಂದಿರುತ್ತದೆ ಎಂದು ನಿಟ್ಟುಸಿರು ಬಿಟ್ಟಿದ್ದಳು.

ಈಗ ಅವಳು ಪರದೆಯನ್ನೇ ನೋಡುತ್ತ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ‘ಎಜೆ’, ಅಂದರೆ ಅಕ್ಕಾ, ಎನ್ನುತ್ತ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

“ಎಜೆ, ಹೊಳೆ ಮೇಲ್ಗಡೆ ಕದಡಿದ್ರೆ ಕೆಳಗಡೆ ನೀರು ಕುಡಿಯೋ ಕುರಿನ ಬೈಬಾರ್ದು, ಅಲ್ವಾ?”

“ಯಾವ ಹೊಳೆನೇ? ಯಾವ ಕುರಿ? ಒಳಗೆ ಅಪಾ ಕೂತಿದ್ದಾರೆ, ಬೇಗ ಬೊಗಳು.”

“ಎಸೆನ್ ಬೈಕೆಗೆ, ಪಾಪ ಆ ಅಣ್ಣಂಗೆ, ಏಳು ಗಂಟೆಗೆ ಕೆಂಪು ಹೋಗಿಲ್ಲ, ಎಜೆ. ಹಸಿರು ಹೋಗಿದ್ದು.”

“ಕೆಂಪು ಕಣ್ಣಿಗೆ ರಾಚ್ತಾ ಇದೆಯಲ್ಲೇ!”

“ಅದು ಆಮೇಲೆ ಕೆಂಪಾಗಿದ್ದು,” ಎಂದಳು, ನೆಲ ನೋಡುತ್ತ. “ಕೆಟ್ಟ ಸುದ್ದಿನ ಒಂದೇ ಏಟಿಗೆ ಹೇಗೆ ಹೇಳೋದು? ಎದೆ ಒಡೆದುಹೋಗಲ್ವಾ? ಅದಕ್ಕೇ ಮೊದ್ಲು ಬರೀ ‘ಮಾಹಿತಿ’ ಅಂತ ಹಸಿರಲ್ಲಿ ಹೋಗುತ್ತೆ. ಒಂದು ಚಹಾ ಕುಡಿಯೋಷ್ಟು ಹೊತ್ತು ಬಿಟ್ಟು ‘ಎಚ್ಚರಿಕೆ’ ಅಂತ ಹಳದಿ ಆಗುತ್ತೆ. ಇನ್ನೊಂದು ಚಹಾ ಆದ್ಮೇಲೆ ‘ಅಪಾಯ’. ಅಷ್ಟೊತ್ತಿಗೆ ಮನಸ್ಸು ಗಟ್ಟಿ ಆಗಿರುತ್ತಲ್ಲ.”

ನರೀನ್ ಜನ ಒಂದು ಚಹಾಕ್ಕೆ ಒಂದೂವರೆ ಗಂಟೆ ತೆಗೆದುಕೊಳ್ಳುತ್ತಾರೆ. ಏಳಕ್ಕೆ ಶುರುವಾದದ್ದು ಹತ್ತಕ್ಕೆ ಕೆಂಪಾಗಿದೆ. ಕೆಂಪಾದರೆ ಮಾತ್ರ ಫೋನು ಬಡಿದುಕೊಳ್ಳುತ್ತದೆ.

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. ನಮ್ಮ ಜನ ಕೆಟ್ಟ ಸುದ್ದಿಯನ್ನು ಬಾಗಿಲಲ್ಲಿ ನಿಂತು ಹೇಳುವವರಲ್ಲ. ಹಿರಿಯರು ಒಳಗೆ ಬಂದು ಕೂರುತ್ತಾರೆ, ಹುಲ್ಲಿನ ವಿಷಯ ಕೇಳುತ್ತಾರೆ, ಕುದುರೆಯ ವಿಷಯ ಕೇಳುತ್ತಾರೆ, ಹಾಗೆ ಮೆಲ್ಲಗೆ ಮೆಲ್ಲಗೆ ಹತ್ತಿರ ಬರುತ್ತಾರೆ. ಆ ಮರ್ಯಾದೆಯನ್ನು ಈ ಮಹಾತಾಯಿ ಒಂದು ಮೋಟಾರಿಗೆ ಕಲಿಸಿದ್ದಳು! ಅದೂ ಹೋಗಲಿ, ಹಂತಕ್ಕೊಂದು ಹೊಸ ಆಬ್ಜೆಕ್ಟ್ ಮಾಡಿದ್ದರೂ ಆಗುತ್ತಿತ್ತು. ಇವಳು ಅದೇ ಹಳೆಯ ಆಬ್ಜೆಕ್ಟಿನ ಒಂದು ಖಾನೆಯನ್ನು ತಿದ್ದುತ್ತ ಹೋಗಿದ್ದಳು. ಸಮಯ ಏಳರದ್ದೇ ಉಳಿಯಿತು, ಬಣ್ಣ ಹತ್ತರದ್ದಾಯಿತು. ಮೊದಲು ಹಸಿರಿತ್ತು ಎಂಬುದಕ್ಕೆ ಗುರುತೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಇದೆಲ್ಲ ಹೋಗಿ ಕೂತದ್ದು ಎಸೆನ್‌ನ ತಲೆಯ ಮೇಲೆ.

“ಅಯ್ಯೋ ನಿನ್ನ! ಲಾಗ್‌ನಲ್ಲಿ ಬರೆದಿದ್ದು ಬರೆದ ಹಾಗೇ ಇರ್ಬೇಕು ಕಣೇ! ಏಳಕ್ಕೆ ಆಗಿದ್ದು ಹತ್ತಕ್ಕೆ ಬೇರೆ ಆಗುತ್ತಾ? ಖಾನೆಗೆ ಬೀಗ ಹಾಕೋದಲ್ವಾ?”

“ಹೂಂ, ಎಜೆ. ಈಗ ಗೊತ್ತಾಯ್ತು.”

“ನಡಿ. ನಾನೇ ಹೇಳ್ತೀನಿ ಅಪಾಗೆ. ಆಮೇಲೆ ಸಂಘದ ಕೆಲಸ ಹೋದ್ರೆ ಹೋಗ್ಲಿ.”

“ಬೇಡ ಎಜೆ. ಬರೆದೋಳು ನಾನು. ನಾನೇ ಹೇಳ್ತೀನಿ.”

ನನಗೆ ಅವಳ ಮೇಲೆ ಆಗ ಎಷ್ಟು ಅಕ್ಕರೆ ಉಕ್ಕಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಇನ್ನೊಂದು ಸಲ ಗದರಿಸಿದೆ.

ಒಳಗೆ ಬಂದು ಬೆಗಾಯಿಂ ಅಪಾಗೆ ಚಹಾ ಬಗ್ಗಿಸಿದಳು. ಮರ್ಯಾದೆಯಿಂದ, ಅರ್ಧ ಬಟ್ಟಲು; ತುಂಬಿಸಿ ಕೊಟ್ಟರೆ ಬೇಗ ಎದ್ದು ಹೋಗಿ ಎಂದರ್ಥ. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಎದುರಿಗೆ ಕೂತಳು.

“ಅಪಾ, ಈ ವರ್ಷ ಬೆಟ್ಟದ ಮೇಲ್ಗಡೆ ಹುಲ್ಲು ಹೇಗಿದೆ?”

“ಚೆನ್ನಾಗಿದೆ.”

“ಕುದುರೆಗಳೆಲ್ಲ ಸೌಖ್ಯಾನಾ?”

“ಸೌಖ್ಯವೇ,” ಎಂದರು ಅಪಾ. ಬಟ್ಟಲು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

“ಮನುಷ್ಯನ ಜೀವನ ಅಂದ್ಮೇಲೆ, ಅಪಾ, ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ...”

ಅಪಾ ಬಟ್ಟಲನ್ನು ಕೆಳಗಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಯಾರು ಹೋದ್ರು?” ಎಂದರು ಮೆಲ್ಲಗೆ. “ನನ್ನ ಮಗಾನಾ? ಹೇಳೇ ಹುಡುಗಿ. ನನ್ನ ಮಗಾನಾ?”

“ಅಯ್ಯೋ ಇಲ್ಲ ಅಪಾ! ಯಾರೂ ಹೋಗಿಲ್ಲ!” ಬೆಗಾಯಿಂ ಚೀರಿಬಿಟ್ಟಳು. “ಹಾಲು ಹಾಳಾಗಿದ್ದು ನನ್ನಿಂದ! ಎಸೆನ್ ಬೈಕೆದು ತಪ್ಪಿಲ್ಲ! ಫೋನ್ ಬಡ್ಕೊಂಡಿದ್ದೇ ಹತ್ತಕ್ಕೆ, ನಾನು ಬರೆದಿದ್ದು ಹಾಗಿತ್ತು! ಲಾಗ್‌ನ ಕೆಂಪು ಸುಳ್ಳು!”

ಅವಳ ಬಾಯಿಂದ ಒಂದೇ ಉಸಿರಿಗೆ ಇಷ್ಟು ನೇರವಾದ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಉಳಿದದ್ದನ್ನೂ ಹೇಳಿದಳು. ಹಸಿರು, ಹಳದಿ, ಎರಡು ಚಹಾ, ಎಲ್ಲವನ್ನೂ. ಅಪಾ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ.

“ನನ್ನ ಯಜಮಾನ್ರು ಹಿಮದಲ್ಲಿ ಸಿಕ್ಕಿ ಹೋದ್ರಲ್ಲ,” ಎಂದರು ಅಪಾ. “ಊರಿನ ಹಿರೀರು ಬಂದು ಹೀಗೇ ಕೂತ್ಕೊಂಡ್ರು. ಹುಲ್ಲು ಅಂದ್ರು, ಕುದುರೆ ಅಂದ್ರು. ಆ ಚಹಾ ಮುಗಿಯೋವರೆಗೂ ನನ್ನ ಗಂಡ ಬದುಕಿದ್ದ ಕಣೇ. ಅಷ್ಟು ಹೊತ್ತು ಕೊಟ್ರಲ್ಲ ಅಂತ ಅವ್ರನ್ನ ಇವತ್ತಿಗೂ ಹರಸ್ತೀನಿ.” ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಲ್ಲೇ ಬೆಗಾಯಿಂಯ ಕಿವಿ ಹಿಡಿದರು. “ಆದ್ರೆ ಹಾಲು ನನ್ನ ಗಂಡ ಅಲ್ಲ! ಹಾಲಿಗೆ ಏನಾದ್ರೂ ಆದ್ರೆ ಕಿರುಚ್ಬೇಕು. ತಿಳೀತಾ? ಇನ್ನೊಂದು ಸಲ ಮೋಟಾರ್ ನಿಂತಾಗ ಹುಲ್ಲು ಗಿಲ್ಲು ಅಂತ ಬಂದ್ರೆ ಈ ಕಿವಿ ನನ್ನ ಕೈಯಲ್ಲೇ ಇರುತ್ತೆ.”

ಇನ್ನೊಂದು ಸಲ ಎಂದರು! ಅಂದರೆ ಸಂಘ ನಮ್ಮನ್ನು ಬಿಡುತ್ತಿಲ್ಲ. ಬೆಗಾಯಿಂಗೆ ಅದು ಹೊಳೆಯಿತೋ ಇಲ್ಲವೋ, ಕಿವಿ ಬಿಡಿಸಿಕೊಂಡವಳೇ ಕಂಪ್ಯೂಟರಿನ ಮುಂದೆ ಕೂತು ಆ ಖಾನೆಗೆ ಬೀಗ ಹಾಕತೊಡಗಿದಳು.

ಅಪಾ ಮಾತ್ರ ಏಳಲಿಲ್ಲ. ಬಟ್ಟಲನ್ನು ತಿರುಗಿಸುತ್ತ ಕೂತಿದ್ದರು.

“ಇಡೀ ಊರಿನ ಮುಂದೆ ಅವನನ್ನ ಕುಡುಕ ಅಂದೆ ಕಣೇ ದಾಮಿರಾ. ಅವನ ಮಕ್ಕಳ ಮುಂದೆ.”

ಫೋನು ತೆಗೆದರು. ಅವರದು ಯಾವಾಗಲೂ ಸ್ಪೀಕರ್‌ನಲ್ಲೇ, ಲೋಕಕ್ಕೆಲ್ಲ ಕೇಳುವ ಹಾಗೆ.

“ಎಸೆನ್, ನಾನಪ್ಪಾ. ಹೇಗಿದ್ದೀಯ? ಮಕ್ಕಳು ಚೆನ್ನಾಗಿದ್ದಾರಾ?” ಎಂದರು. “ನಿಮ್ಮ ಕಂದು ಹಸು ಕರು ಹಾಕ್ತಾ? ಆ ಕಡೆ ಮಳೆ ಏನಾದ್ರೂ...”

“ಗೊತ್ತಾಯ್ತು, ಅಪಾ,” ಎಂದ ಎಸೆನ್. ದನಿ ತಗ್ಗಿತ್ತು, ಅದರಲ್ಲಿ ಸಿಟ್ಟಿರಲಿಲ್ಲ. “ಟ್ಯಾಂಕಿನ ಬೀಗದ ಕೈ ನಾನೇ ತಂದು ಕೊಡ್ತೀನಿ. ನೀವು ಹೇಳೋಕೆ ಕಷ್ಟಪಡ್ಬೇಡಿ.”

ಬೆಗಾಯಿಂಯ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು.

“ಬೀಗದ ಕೈ ನಿನ್ನ ಹತ್ರಾನೇ ಇಟ್ಕೊಳೋ ಕತ್ತೆ!” ಅಪಾ ಎದ್ದು ನಿಂತು ಕಿರುಚಿದರು. “ನೀನು ಹೇಳಿದ್ದು ನಿಜ. ತಪ್ಪು ನಂದು. ನಾಳೆ ಊರಿನವ್ರನ್ನೆಲ್ಲ ಸೇರಿಸಿ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ಕೇಳಿಸ್ತಾ?”

ಫೋನನ್ನು ಎಲ್ಲಿಟ್ಟನೋ ಏನೋ, ಎಸೆನ್ ಅಂಗಳಕ್ಕೆ ಓಡಿ ಹೆಂಡತಿಯನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು ನಮಗೆಲ್ಲ ಕೇಳಿಸಿತು.