ನಾಲ್ಕು ಬೆರಳು ಬಟ್ಟೆ

ಮತ್ತೆ ಅದೇ ವಾಸನೆ, ಎದುರಂಗಡಿಯಲ್ಲಿ ಎಣ್ಣೆ ಕಾದಿದೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಕಾಯಿಸುತ್ತಾನೆ ಕಳ್ಳ, ಆ ಗಾಜಿನ ಬಾಗಿಲು ತೆರೆದಾಗಲೆಲ್ಲ ಬೀದಿ ದಾಟಿ ಬಂದು ನಾನು ಹೊಲಿದಿಟ್ಟ ಬಟ್ಟೆಗೆ ಮೆತ್ತಿಕೊಳ್ಳುತ್ತದೆ, ಹೊಸ ಯೂನಿಫಾರ್ಮು ಮೂಸಿದರೂ ಕರಿದ ಕೋಳಿ — ಬಾಗಿಲಲ್ಲಿ ಹಲ್ಲು ಕಿರಿಯುವ ಬೊಂಬೆ ಬೇರೆ, ಬರ್ಗರ್ ತಗೊಂಡರೆ ಆಟಿಕೆ ಪುಕ್ಕಟೆ, ನನ್ನ ಮಗಳ ಹತ್ತಿರ ಅಂಥವು ಹದಿನೇಳಿವೆ, ಬೆಳಿಗ್ಗೆ ಡಾಕ್ಟರಮ್ಮನಿಗೆ ಅವಳೇ ಹೇಳಿದಳು, ಒಂದೂ ಕಳೆದಿಲ್ಲ ಡಾಕ್ಟ್ರೇ. ಡಾಕ್ಟರಮ್ಮ ನಗಲಿಲ್ಲ. ಹತ್ತು ವರ್ಷಕ್ಕೇ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದಾಳೆ, ಈಗ ತಡೀದಿದ್ರೆ ಒಳಗೇ ಹೋಗ್ತಾಳೆ, ಇಷ್ಟು ತೂಕ ಏರೋವರೆಗೂ ಮನೇಲಿ ಯಾರೂ ನೋಡ್ಲಿಲ್ವಾ? ನಾನು ತಟ್ಟನೆ ಹೆಂಡತಿಯ ಕಡೆ ತಿರುಗಿದೆ, ಕೇಳ್ಕೋ, ನಿನ್ನನ್ನೇ ಕೇಳ್ತಿರೋದು, ಹೆತ್ತೋಳು ನೀನು ತಾನೇ — ಹೊರಗೆ ಕೂತಿದ್ದವರೆಲ್ಲ ಇಣುಕಿದರು, ಇಣುಕಲಿ, ನನಗೇನು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದವಳು ಅವಳು, ಮಗಳನ್ನು ಶಾಲೆಗೆ ಬಿಟ್ಟ ಮೇಲೆ ದಾರಿಯಲ್ಲಿ ಹೇಳಿದಳು, ಕೂಗಲೂ ಇಲ್ಲ, ಕೂಗಿದ್ದರೆ ವಾಸಿಯಿತ್ತು. ಮಗು ದಪ್ಪ ಆದ್ರೆ ಮೊದ್ಲು ಬಟ್ಟೆ ಹೇಳತ್ತೆ ರೀ, ಸೊಂಟ ಹಿಡಿಯತ್ತೆ, ಗುಂಡಿ ಕೂರಲ್ಲ, ಎಲ್ಲ ತಾಯಂದಿರಿಗೂ ಹಾಗೇ ಗೊತ್ತಾಗೋದು, ನಮ್ಮನೇಲಿ ಯಾವತ್ತು ಹಿಡೀತು ಹೇಳಿ?

ಹಿಡಿಯಲಿಲ್ಲ. ಹಿಡಿಯಲು ನಾನು ಬಿಟ್ಟರೆ ತಾನೇ. ಎರಡು ಬೆರಳು ಬಟ್ಟೆ ಹೊಲಿಗೆಯ ಒಳಗೆ ಬಿಡಯ್ಯಾ, ಮಕ್ಕಳು ಬೆಳೀತಾವೆ, ಅಂತ ಕೆಲಸ ಕಲಿಸಿದ ಮೇಷ್ಟ್ರು ಹೇಳಿದ್ದರು, ಊರ ಮಕ್ಕಳಿಗೆಲ್ಲ ಎರಡು, ನನ್ನ ಮಗಳಿಗೆ ನಾಲ್ಕು, ದೊಡ್ಡ ಧಾರಾಳಿ ನಾನು! ಅಪ್ಪ, ಸ್ವಲ್ಪ ಬಿಚ್ಚು ಅಂದಳು, ಬಿಚ್ಚಿದೆ, ಬ್ಲೇಡಿನಲ್ಲಿ ಹಳೆಯ ನೂಲು ಕಿತ್ತು, ಒಂದು ಗೆರೆ ಆಚೆ ಹೊಲಿದು, ಸೂಜಿಯ ತೂತುಗಳನ್ನು ಇಸ್ತ್ರಿಯ ಹಬೆಯಲ್ಲಿ ಮುಚ್ಚಿ — ಐದು ಸಲ, ಹೆತ್ತವಳ ಕಣ್ಣಿಗೂ ಕಾಣದ ಹಾಗೆ, ನನ್ನ ಕೈಚಳಕಕ್ಕಿಷ್ಟು ಬೆಂಕಿ ಹಾಕ. ಎದುರಿನವನು ಕಳ್ಳನಂತೆ, ಅವನ ಬಾಗಿಲಿಗೆ ಅವಳನ್ನು ಅಟ್ಟಿದವನು ಯಾರು, ಶಾಲೆ ಶುರುವಾಗುವ ತಿಂಗಳು, ಮೇಜಿನ ಮೇಲೆ ಯೂನಿಫಾರ್ಮಿನ ರಾಶಿ, ಅಪ್ಪ ಹಸಿವು ಅಂದರೆ ಹೋಗು ಏನಾದ್ರೂ ತಿನ್ನು, ತಲೆ ತಿನ್ಬೇಡ. ಪಾಪ, ಹೇಳಿದ ಮಾತು ಮೀರದ ಮಗು.

ಬಂದಳು. ಬ್ಯಾಗು ಎಸೆದಳು. ಅಪ್ಪ, ಓಡುವಾಗ ಸ್ಕರ್ಟಿನ ಕೊಕ್ಕೆ ಕಿತ್ತೋಯ್ತು, ಎಲ್ರೂ ನಕ್ರು, ಬೇಗ ಬಿಚ್ಚು. ಸೊಂಟಪಟ್ಟಿ ಮಗುಚಿ ನೋಡಿದೆ, ಬರಿಯ ಅಂಚು, ಬಿಚ್ಚೋಕೆ ಏನೂ ಉಳಿದಿಲ್ಲ ಕಣೇ. ಬೇರೆ ತುಂಡು ಸೇರ್ಸು, ನಿಂಗೆ ಬರತ್ತಲ್ಲ. ಬರುತ್ತದೆ, ದೇವರಿಗೂ ಗೊತ್ತಾಗದ ಹಾಗೆ ಸೇರಿಸಬಲ್ಲೆ, ಕೈ ಆಗಲೇ ಚೂರುಗಳ ಡಬ್ಬಿಗೆ ಹೋಗಿದೆ ದರಿದ್ರದ್ದು — ಇಲ್ಲ, ಸೇರಿಸಲ್ಲ, ಬಾ ಇಲ್ಲಿ, ಸರಿಯಾದ ಅಳತೆ ತೆಗೀತೀನಿ, ಅಮ್ಮನಿಗೆ ತೋರಿಸೋಣ, ಇನ್ಮೇಲೆ ಏನೂ ಮುಚ್ಚಿಡೋದು ಬೇಡ. ಟೇಪು ಸುತ್ತಿದರೆ ಸಡಿಲ, ಇದೇನಿದು ಸಡಿಲ, ತಲೆ ಎತ್ತಿದೆ — ಹೊಟ್ಟೆ ಒಳಕ್ಕೆಳೆದು, ಬಾಯಿ ಬಿಗಿದು, ಉಸಿರು ಹಿಡಿದು ನಿಂತಿದ್ದಾಳೆ, ಬೆಳಿಗ್ಗೆ ನಾನು ಅವಳಮ್ಮನ ಮೇಲೆ ಕೂಗಿದ್ದನ್ನು ಇವಳೂ ಕೇಳಿಸಿಕೊಂಡಳಲ್ಲ, ಉಸಿರು ಬಿಡು ಪುಟ್ಟಿ, ಯಾರನ್ನೂ ಬೈಯಲ್ಲ, ಬಿಡು, ಇಲ್ಲ ಅಂತ ತಲೆಯಾಡಿಸುತ್ತಾಳೆ, ಬೇಗ ಓದು ಅಂತ ಬೆರಳಲ್ಲಿ ಟೇಪು ತೋರಿಸುತ್ತಾಳೆ, ಬಿಡೇ ಸಾಕು, ಮುಖ ಕೆಂಪಾಗಿದೆ, ಕಣ್ಣಲ್ಲಿ ನೀರು, ಉಸಿರು ಹಿಡಿದಿದ್ದಾಳೆ, ಬಿಡುತ್ತಿಲ್ಲ, ಹಿಡಿದಿದ್ದಾಳೆ —