ಮದುಮಕ್ಕಳ ಮಂಚಕ್ಕೆ ಬಂದ ಬೆಕ್ಕು

ಸಮ್ಲಿ ಎಂದರೆ ಅವರ ಮಾತಿನಲ್ಲಿ ಹತ್ತಿ. ಲಮೋಮಳ ಬೆಕ್ಕಿಗೆ ಆ ಹೆಸರಿಟ್ಟವನು ಅವಳ ಗಂಡ ಫಿನ್. ಮೈಯಲ್ಲಿ ಬಿಳಿಯಲ್ಲದ ಒಂದೇ ಒಂದು ಕೂದಲೂ ಇಲ್ಲದ, ಗಿಡ್ಡ ಕೂದಲಿನ, ನೀಲಿ ಕಣ್ಣಿನ ಖಾವ್ ಮನಿ ಜಾತಿಯ ಬೆಕ್ಕು. ಅವರಿದ್ದ ಮೇಕ್ಲಾಂಗ್ ನದಿಯ ಕಾಲುವೆಗುಂಟ ಯಾರ ಮನೆಯಲ್ಲಿ ಮದುವೆಯಾದರೂ ಮದುಮಕ್ಕಳ ಹಾಸಿಗೆ ಹಾಸುವ ಶಾಸ್ತ್ರಕ್ಕೆ ಅದೇ ಬೇಕು. ಬಹುಕಾಲ ಹೊಂದಿಕೊಂಡು ಬಾಳಿದ ಗಂಡಹೆಂಡಿರು ಹೊಸ ಹಾಸಿಗೆ ಹಾಸಿ, ಅದರ ಮೇಲೆ ಗುಂಡುಕಲ್ಲು, ಬೂದುಗುಂಬಳ, ಎಳ್ಳು, ಭತ್ತ ಇಟ್ಟು, ಕೊನೆಗೆ ಬಿಳಿ ಬೆಕ್ಕನ್ನು ಬಿಡಬೇಕು. ಅದು ಮುದುರಿ ಮಲಗಿದ ಮೇಲೆ ಹರಸಬೇಕು. ಬೆಕ್ಕು ಇಳಿದು ಓಡಿತೋ, ಮದುಮಗಳ ಕಾಲೂ ಆ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ.

ಫಿನ್ ಇದ್ದಷ್ಟು ಕಾಲ ಹಾಸಿಗೆ ಹಾಸುತ್ತಿದ್ದವರು ಗಂಡಹೆಂಡತಿ ಇವರಿಬ್ಬರೇ. ಸಮ್ಲಿ ಒಂದು ಮದುವೆಯಲ್ಲೂ ಇಳಿದು ಓಡಿರಲಿಲ್ಲ. ದೈವಾಂಶದ ಬೆಕ್ಕು ಎಂದು ಜನ ಅದಕ್ಕೂ ಕೈ ಮುಗಿಯುತ್ತಿದ್ದರು. ದೈವಾಂಶವೂ ಇಲ್ಲ, ಗೀವಾಂಶವೂ ಇಲ್ಲ, ಬೆಕ್ಕು ಹುಟ್ಟುಕಿವುಡು. ಮನೆಯ ಮರದ ನೆಲವನ್ನು ತಟ್ಟಿ ಕರೆಯುವುದನ್ನು ಫಿನ್ ಅದಕ್ಕೆ ರೂಢಿ ಮಾಡಿಸಿದ್ದ. ಎರಡು ತಟ್ಟು ನಿಧಾನ, ಮೂರನೆಯದು ಚುರುಕು. ಹಲಗೆಯ ಅದುರು ಪಾದಕ್ಕೆ ತಾಗಿದರೆ ಸಾಕು, ಎಲ್ಲಿದ್ದರೂ ಬಂದು ಅದುರಿದ ಜಾಗದಲ್ಲೇ ಮುದುರಿಕೊಳ್ಳುತ್ತಿತ್ತು. ಮದುವೆಮನೆಗಳಲ್ಲಿ ಅವನು ಯಾರಿಗೂ ಕಾಣದಂತೆ ಮಂಚದ ಮರವನ್ನು ತಟ್ಟುತ್ತಿದ್ದ. ಊನವಿರುವ ಬೆಕ್ಕು ಮಂಗಳಕಾರ್ಯಕ್ಕೆ ಸಲ್ಲದು. ಹಾಗಾಗಿ ಗುಟ್ಟು ಗಂಡಹೆಂಡಿರ ನಡುವೆಯೇ ಉಳಿದಿತ್ತು. ಅವರೇ ಸಾಕಿ ಬೆಳೆಸಿದ ಲಮೋಮಳ ತಂಗಿಯ ಮಗಳು ಚೊಂಗ್‌ನಾಂಗ್‌ಗೂ ಹೇಳಿರಲಿಲ್ಲ. ಮಕ್ಕಳ ಬಾಯಲ್ಲಿ ಮಾತು ನಿಲ್ಲುವುದುಂಟೆ.

ಫಿನ್ ತೀರಿಕೊಂಡು ವರ್ಷವಾಗಿತ್ತು. ಈ ಜಾತಿಯ ಬೆಕ್ಕುಗಳ ಗುಣವೇ ಹಾಗೆ, ಹಚ್ಚಿಕೊಂಡರೆ ಒಬ್ಬರನ್ನೇ ಹಚ್ಚಿಕೊಳ್ಳುತ್ತವೆ. ನೆರಳಿನಂತೆ ಹಿಂದೆ ಹಿಂದೆ ಸುತ್ತುತ್ತವೆ, ಒಂಟಿಯಾಗಿ ಬಿಟ್ಟರೆ ಮನೆ ಹಾರಿಹೋಗುವಂತೆ ಕೂಗುತ್ತವೆ. ಗಂಡನನ್ನು ಸುಟ್ಟು ಬಂದ ವಾರದಲ್ಲಿ ಲಮೋಮ್ ಒಮ್ಮೆ ಅವನಂತೆಯೇ ನೆಲ ತಟ್ಟಿದ್ದಳು. ಸಮ್ಲಿ ಓಡಿಬಂತು. ಅವಳನ್ನು ನೋಡಿತು, ಅವಳ ಹಿಂದೆ ನೋಡಿತು, ಕೋಣೆ ಕೋಣೆ ಹುಡುಕಿತು, ಆಮೇಲೆ ಸಂಜೆಯವರೆಗೆ ಅತ್ತಿತು. ಅಂದಿನಿಂದ ಅವಳು ನೆಲ ತಟ್ಟಿರಲಿಲ್ಲ. ಬೇಕೆಂದರೆ ಎದ್ದುಹೋಗಿ ಎದುರಿನಿಂದ ಮೈ ಮುಟ್ಟುತ್ತಿದ್ದಳು.

ಹೀಗಿರುವಾಗ ಚೊಂಗ್‌ನಾಂಗ್‌ಗೆ ಮದುವೆ ಗೊತ್ತಾಯಿತು. ಹುಡುಗನ ತಾಯಿ ಪ್ರಯೋಂಗ್ ಬೆಕ್ಕನ್ನು ಕೇಳಲು ತಾನೇ ಬಂದಳು.

"ಅದಕ್ಕೂ ವಯಸ್ಸಾಯ್ತು ಪ್ರಯೋಂಗ್. ಕಲ್ಲು, ಕುಂಬಳಕಾಯಿ ಇಟ್ರೆ ಸಾಲ್ದಾ?" ಎಂದಳು ಲಮೋಮ್.

"ಬೇರೆಯವ್ರ ಮನೆಗೆಲ್ಲಾ ಕಳಿಸಿ, ಸ್ವಂತ ಮಗಳ ಮದುವೇಗೆ ಇಲ್ಲ ಅಂದ್ರೆ ನಮ್ಮ ನೆಂಟ್ರು ಏನಂದ್ಕೋತಾರೆ ಲಮೋಮಕ್ಕ? ಯಾಕೆ, ಬೆಕ್ಕಿಗೆ ಏನಾದ್ರೂ ಐಬಿದ್ಯಾ?"

"ಐಬೆಲ್ಲಿ ಬಂತು." ಲಮೋಮಳ ಬಾಯಿಂದ ಸುಳ್ಳು ತಾನಾಗಿಯೇ ಹೊರಟುಬಿಟ್ಟಿತು.

"ಹಾಗಾದ್ರೆ ಪನ್ನೀರಲ್ಲಿ ಸ್ನಾನ ಮಾಡ್ಸಿ, ಚೆನ್ನಾಗಿ ಪೌಡರ್ ಹಾಕಿ ಕರ್ಕೊಂಡ್ ಬನ್ನಿ."

"ಮದುಮಗಳು ಅದೋ, ಚೊಂಗ್‌ನಾಂಗೋ? ಪೌಡರ್ ಹಾಕಿದ್ರೆ ನೆಕ್ಕಿ ನೆಕ್ಕಿ ಹೊಟ್ಟೆಗಿಳಿಸುತ್ತೆ. ಒದ್ದೆ ಬಟ್ಟೇಲಿ ಒರೆಸಿ ತರ್ತೀನಿ, ಸಾಕು."

ಮದುವೆಯ ದಿನ ಬೇಯಿಸಿದ ಬಂಗಡೆಯ ಮುಳ್ಳು ಬಿಡಿಸಿ, ಉಪ್ಪಿಲ್ಲದ ಅನ್ನಕ್ಕೆ ಕಲೆಸಿ ತಿನ್ನಿಸಿದಳು. ಬಿಸಿಲು ತಾಗಿದರೆ ಬಿಳಿ ಬೆಕ್ಕಿನ ಕಿವಿ ಸುಟ್ಟು ಸಿಪ್ಪೆ ಏಳುತ್ತದೆಂದು ಬುಟ್ಟಿಗೆ ಫಿನ್‌ನ ಹಳೆಯ ಪಂಚೆ ಮುಚ್ಚಿ ಹುಡುಗನ ಮನೆಗೆ ದೋಣಿ ಹತ್ತಿದಳು. ಈ ಸಲ ಹಾಸಿಗೆ ಹಾಸುವವರು ಊರಿನ ಹಿರಿಯ ಲುವಾನ್ ಮತ್ತು ಅವನ ಹೆಂಡತಿ. ಲಮೋಮ್ ಅವನನ್ನು ಪಕ್ಕಕ್ಕೆ ಕರೆದಳು.

"ಲುವಾನಣ್ಣ, ಬೆಕ್ಕು ಬಿಟ್ಟ ಮೇಲೆ ಮೆಲ್ಲಗೆ ತಟ್ಟಿ. ಎರಡು ಸಲ ನಿಧಾನ, ಆಮೇಲೊಂದು ಚುರುಕು."

"ಡೋಲು ಬಾರಿಸೋಕೆ ಕರೆಸಿದ್ದೀರೋ, ಹಾಸಿಗೆ ಹಾಸೋಕೋ?" ಲುವಾನ್ ನಕ್ಕ. "ಆಯ್ತಮ್ಮ, ತಟ್ತೀನಿ ಬಿಡಿ."

ಅವನೇನೋ ಹೇಳಿದಂತೆಯೇ ತಟ್ಟಿದ. ಆದರೆ ತಟ್ಟಿದ್ದು ಹಾಸಿಗೆಯ ಮೇಲೆ. ಪ್ರಯೋಂಗ್ ಪಟ್ಟಣದಿಂದ ತರಿಸಿದ್ದ ಮೊಳದೆತ್ತರದ ಸ್ಪಂಜಿನ ಹಾಸಿಗೆ ಅವನ ತಟ್ಟನ್ನೆಲ್ಲ ನುಂಗಿಹಾಕಿತು. ಸಮ್ಲಿ ಕುಂಬಳಕಾಯಿಯನ್ನು ಮೂಸಿತು, ಸುತ್ತಲ ಮುಖಗಳನ್ನು ನೋಡಿತು, ಬಾಯಿ ತೆರೆದು ಕೂಗಿತು. ತನ್ನ ಕೂಗು ತನಗೇ ಕೇಳದ ಪ್ರಾಣಿಗೆ ಎಷ್ಟು ಜೋರಾಗಿ ಕೂಗುತ್ತಿದ್ದೇನೆಂದು ಗೊತ್ತಾಗುವುದು ಹೇಗೆ? ಆ ಕೂಗಿಗೆ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲುವಾನ್‌ನ ಹೆಂಡತಿ "ಬಾ ಪುಟ್ಟಾ, ಬಾ" ಎಂದು ಬಾಯಲ್ಲಿ ಬೆಣ್ಣೆ ಇಟ್ಟುಕೊಂಡಂತೆ ಕರೆದಳು. ಬೆಕ್ಕು ಹಾಸಿಗೆ ಬಿಟ್ಟು ಮಂಚದ ಅಂಚಿನ ಮರದ ಮೇಲೆ ಬಂದು ನಿಂತಿತು.

"ಇಳೀತದೆ, ಇಳೀತದೆ," ಎಂದಳು ಒಬ್ಬ ಮುದುಕಿ. ಪ್ರಯೋಂಗಳ ಮುಖ ಕಪ್ಪಿಟ್ಟಿತು.

ಲಮೋಮ್ ಬಾಗಿಲಾಚೆ ನಿಂತಿದ್ದಳು. ಗಂಡ ಸತ್ತವಳು ಆ ಮಂಚ ಮುಟ್ಟುವಂತಿಲ್ಲ. ಮುಟ್ಟಿದರೆ ಅಪಶಕುನ, ಬೆಕ್ಕು ಕಿವುಡೆಂದು ಹೇಳಿದರೆ, ತಿಳಿದೂ ತಿಳಿದೂ ಊನದ ಬೆಕ್ಕು ತಂದಳೆಂಬ ಮಾತು. ಸುಮ್ಮನಿದ್ದರೆ ಬೆಕ್ಕು ಇಳಿದು ಓಡುತ್ತದೆ. ನಾಳೆ ಅನ್ನ ಸೀದರೂ, ಮಗು ತಡವಾದರೂ ಈ ಮನೆಯವರು ಅದನ್ನೇ ಎತ್ತಿ ಆಡುತ್ತಾರೆ. ಜಗಲಿಯಲ್ಲಿ ಗಂಡನ ಪಕ್ಕ ಕೈಜೋಡಿಸಿ ಕುಳಿತಿದ್ದ ಚೊಂಗ್‌ನಾಂಗ್ ತಲೆ ಎತ್ತಿ ದೊಡ್ಡಮ್ಮನನ್ನೇ ನೋಡುತ್ತಿದ್ದಳು.

ಲಮೋಮ್ ಸರಸರ ಮೆಟ್ಟಿಲಿಳಿದು, ಕಂಬಗಳ ಮೇಲೆ ನಿಂತಿದ್ದ ಆ ಮನೆಯ ಕೆಳಗೆ ನುಗ್ಗಿದಳು. ತೆಂಗಿನಕಾಯಿ ಕೀಳುವ ಬಿದಿರಿನ ಗಳೆಯೊಂದು ಕಂಬಕ್ಕೆ ಒರಗಿತ್ತು. ಬೆಕ್ಕಿನ ಕೂಗು ಎಲ್ಲಿಂದ ಬರುತ್ತಿದೆಯೆಂದು ಕಿವಿಗೊಟ್ಟು, ಮಂಚದ ಕಾಲು ಊರಿದ ಹಲಗೆ ಯಾವುದೆಂದು ಊಹಿಸಿ ಗಳೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಊರಿಗೆ ಸುಳ್ಳು ಹೇಳಿದ್ದಾಯಿತು, ಈಗ ಬೆಕ್ಕಿಗೂ ಹೇಳಬೇಕು. ಫಿನ್ ಬಂದಿದ್ದಾನೆ ಎಂದು ಹೇಳಬೇಕು.

ತಟ್ಟಿದಳು. ಎರಡು ನಿಧಾನ, ಒಂದು ಚುರುಕು.

ಕೂಗು ನಿಂತಿತು. "ಕೆಳಗೆ ಏನದು ಸದ್ದು?" ಎಂದು ಮೇಲೆ ಯಾರೋ ಕೇಳಿದರು. "ಊಟಕ್ಕೆ ಕಾಯಿ ಸುಲೀತಿದಾರೆ ಅನ್ಸುತ್ತೆ," ಎಂದರು ಇನ್ಯಾರೋ. ಲಮೋಮ್ ಮತ್ತೆ ತಟ್ಟಿದಳು. "ಮಲಗ್ತು, ಮುದುರ್ಕೊಂಡು ಮಲಗ್ತು," ಎಂದಳು ಮೇಲೆ ಆ ಮುದುಕಿ. ಆಮೇಲೆ ಲುವಾನ್‌ನ ದನಿ ಬಂತು: ಕಲ್ಲಿನಂತೆ ಗಟ್ಟಿಯಾಗಿರಿ, ಕುಂಬಳದಂತೆ ತಂಪಾಗಿರಿ, ಈ ಬೆಕ್ಕಿನಂತೆ ಮನೆ ಹಿಡಿದಿರಿ. ಪ್ರಯೋಂಗ್ ಬಿಟ್ಟ ಉಸಿರು ಹಲಗೆಯ ಸಂದಿನಿಂದ ಕೆಳಗೂ ಕೇಳಿಸಿತು.

ಶಾಸ್ತ್ರ ಮುಗಿದು ಮದುಮಕ್ಕಳನ್ನು ಕೋಣೆಯೊಳಗೆ ಬಿಟ್ಟರು. ನೆಂಟರು ಊಟಕ್ಕೆ ಎದ್ದರು. ಲಮೋಮ್ ಗಳೆ ಹಿಡಿದು ಅಲ್ಲೇ ನಿಂತಿದ್ದಳು, ಯಾಕೆಂದರೆ ಸಮ್ಲಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಂತು. ಗಳೆಯನ್ನು ಮೂಸಿತು, ಅವಳ ಮುಖ ನೋಡಿತು, ಅವಳ ಬೆನ್ನ ಹಿಂದೆ ನೋಡಿತು. ಕಂಬ ಕಂಬದ ಹಿಂದೆ ಹೋಗಿ ಹುಡುಕಿತು.

"ಅವ್ರಲ್ಲ ಕಣೇ," ಎಂದಳು ಲಮೋಮ್, ಅದಕ್ಕೆ ಕೇಳುವುದಿಲ್ಲವೆಂದು ಗೊತ್ತಿದ್ದೂ. "ನಾನು. ನಾನೇ ತಟ್ಟಿದ್ದು. ತಪ್ಪಾಯ್ತು."

ಹುಡುಕಿ ದಣಿದ ಬೆಕ್ಕು ಕೋಣೆಯಡಿಯ ಕಂಬಕ್ಕೆ ಮೈ ಒತ್ತಿ ಕುಳಿತಿತು. ಲಮೋಮ್ ಅದರ ಪಕ್ಕ ಕುಸಿದು ಅದೇ ಕಂಬಕ್ಕೆ ಬೆನ್ನು ಕೊಟ್ಟಳು. ವರ್ಷದಿಂದ ಬೆಕ್ಕನ್ನು ಸಮಾಧಾನ ಮಾಡುವುದರಲ್ಲಿ ತಾನು ಅತ್ತೇ ಇರಲಿಲ್ಲವೆಂಬುದು ಅವಳಿಗೆ ಅಲ್ಲಿ ಹೊಳೆಯಿತು. ಈಗ ಅತ್ತಳು.

ಆಗ ಅವಳ ಬೆನ್ನಿಗೆ ಕಂಬ ಅದುರಿತು. ಮೇಲೆ ಮದುಮಕ್ಕಳ ಕೋಣೆಯ ನೆಲವನ್ನು ಯಾರೋ ಅಂಗೈಯಿಂದ ತಟ್ಟುತ್ತಿದ್ದರು. ಎರಡು ನಿಧಾನ, ಒಂದು ಚುರುಕು. ಆ ತಟ್ಟನ್ನು ಅವಳಾಗಲಿ ಫಿನ್ ಆಗಲಿ ಚೊಂಗ್‌ನಾಂಗ್‌ಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ; ಹುಡುಗಿ ನೋಡಿಯೇ ಕಲಿತಿದ್ದಳು.

ಬೆಕ್ಕೂ ಲಮೋಮೂ ಒಟ್ಟಿಗೇ ತಲೆ ಎತ್ತಿ ಮೇಲೆ ನೋಡಿದರು.