ಬಸುರಿ ಮನೆಯ ಮಿಡತೆ

ಬಸುರಿಯ ಗಂಡ ಜೀವ ತೆಗೆಯಬಾರದು, ಮೊಮ್ಮಗು ಮಡಿಲಿಗೆ ಬರುವವರೆಗೆ ಮಗ ಒಂದು ಇರುವೆಯನ್ನೂ ಕೊಲ್ಲಕೂಡದು ಎಂದು ಮುನಿಶಾಮಮ್ಮ ಕಟ್ಟಪ್ಪಣೆ ಮಾಡಿದ್ದಳು. ಸೊಸೆ ಅಶ್ವತ್ಥಮ್ಮನಿಗೆ ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ. ಮಗ ಜಯರಾಮಪ್ಪನೋ, ಕೋರಮಂಡಲ್ ಚಿನ್ನದ ಗಣಿಯ ಫಿಟ್ಟರ್, ಭಾನುವಾರ ಬಂತೆಂದರೆ ಗಾಳ ಹಿಡಿದು ಬೇತಮಂಗಲದ ಕೆರೆಗೆ ಓಡುತ್ತಿದ್ದ ಆಸಾಮಿ. ಅಂಥವನನ್ನು ಮನೆಯಲ್ಲಿ ಕೂರಿಸಿದರೆ ಕೈ ಸುಮ್ಮನಿರುತ್ತದೆಯೇ? ತಾನು ಹೋಗದಿದ್ದರೇನು, ಗೆಳೆಯ ಆರುಮುಗಂ ಹೋಗುತ್ತಾನಲ್ಲ ಎಂದು ಅವನಿಗಾಗಿ ಗಾಳದ ಕೊಕ್ಕೆಯ ಮೇಲೆ ಸುಳ್ಳು ಮಿಡತೆಯೊಂದನ್ನು ಕಟ್ಟತೊಡಗಿದ.

ಔಷಧಿ ಬಾಟಲಿಯ ಬಿರಡೆ ಕೆತ್ತಿ ಮೈ ಮಾಡಿದ. ಅಶ್ವತ್ಥಮ್ಮನ ರವಿಕೆಯಿಂದ ಹಸಿರು ರೇಷ್ಮೆಯ ಎಳೆ ಎಳೆದು ಅದಕ್ಕೆ ಸುತ್ತಿದ. ಈರುಳ್ಳಿ ಸಿಪ್ಪೆಯ ರೆಕ್ಕೆ, ಸಾಸಿವೆಯ ಕಣ್ಣು. ಪೊರಕೆ ಹುಲ್ಲಿಗೆ ಗಂಟು ಹಾಕಿ ಅದರ ಮೊಣಕಾಲು ಮಡಿಸಿದ. ರವಿಕೆ ಹಾಳಾಯಿತೆಂದು ಬಯ್ಯಲು ಬಂದವಳು ಬಾಯಿ ತೆರೆದು ಹಾಗೇ ನಿಂತುಬಿಟ್ಟಳು. ಅಂಗೈ ಮೇಲೆ ಇಟ್ಟುಕೊಂಡರೆ ಜೀವವಿದ್ದದ್ದೇ ಅನಿಸಿತು. ಬೆರಗಿನ ಬೆನ್ನಿಗೇ ಹೆದರಿಕೆಯೂ ಆಯಿತು, ಮಿಡತೆಯ ಹೊಟ್ಟೆಯಿಂದ ಕೊಕ್ಕೆ ಹೊರಗೆ ಚಾಚಿತ್ತು.

"ಇದ್ರ ಒಟ್ಟೆಗೆ ಚುಚ್ಚಿದೀಯಲ್ಲ, ತೆಗ್ದಾಕು."

"ಬಿರಡೆ ಕಣೇ ಅದು! ಕೊಕ್ಕೆ ಇಲ್ದಿದ್ರೆ ಮೀನು ಯಂಗೆ ಸಿಗ್ತೈತೆ?"

"ಗೊತ್ತು. ಆದ್ರೂ ನೋಡಾಕಾಗಲ್ಲ. ನನ್ನೊಟ್ಟೇಲೂ ಒಂದೈತೆ."

ಜಯರಾಮಪ್ಪ ವಾರವೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಕಟ್ಟಿದ್ದು ಅದು. ಆದರೂ ಕಟಿಂಗ್ ಪ್ಲೇಯರ್ ತಂದು ಕೊಕ್ಕೆಯನ್ನು ಹೊಟ್ಟೆಯ ಅಂಚಿಗೇ ಕತ್ತರಿಸಿ, ಮಿಡತೆಯನ್ನು ಕಿಟಕಿಯಲ್ಲಿಟ್ಟ. ಇನ್ನು ಅದು ಆರುಮುಗಂಗೂ ಇಲ್ಲ, ಮೀನಿಗೂ ಇಲ್ಲ.

ಅಷ್ಟರಲ್ಲಿ ಮುನಿಶಾಮಮ್ಮ ಮೊರ ಹಿಡಿದು ಒಳಗೆ ಬಂದಳು. ಮಿಡತೆ ಕಂಡು ಹೊಡೆಯಲು ಮೊರ ಎತ್ತಿದವಳು, ತಟಕ್ಕನೆ ಸೊಸೆಯ ಕಡೆ ನೋಡಿ ಕೈ ಇಳಿಸಿದಳು. ಅದನ್ನು ಮೆಲ್ಲಗೆ ಬೊಗಸೆಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಹೋಗಿ ದಾಸವಾಳದ ಎಲೆಯ ಮೇಲೆ ಬಿಟ್ಟಳು.

"ಓಗವ್ವಾ, ಬದುಕ್ಕೋ ಓಗು. ನಮ್ಮ ಮಗಾನೂ ಉಳೀಲಿ," ಎಂದು ಅದಕ್ಕೆ ಕೈ ಮುಗಿದಳು.

ಬಾಗಿಲಲ್ಲಿ ನಿಂತಿದ್ದ ಗಂಡಹೆಂಡಿರಿಗೆ ನಗು ಬರಲಿಲ್ಲ. ಎಲ್ಲ ಗೊತ್ತಿದ್ದೂ ಅಶ್ವತ್ಥಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಈಗ ಅದು ನೆಗೆಯುತ್ತದೆ, ಈಗ ನೆಗೆಯುತ್ತದೆ ಎಂದು ಉಸಿರು ಬಿಗಿಹಿಡಿದು ಕಾದಳು.